ಮ್ಯಾನೇಜರ್ ಕೈಗೆ ಕ್ಲಬ್ಬಿನ ಷೇರು ಕೊಟ್ಟರೆ ನಿಜಕ್ಕೂ ಏನಾಗುತ್ತೆ?

ಲೀಗ್‌ಟೂ ಹುಚ್ಚ:

ಈ ವಿಷಯ ಬಹಳ ದಿನದಿಂದ ತಲೆ ತಿನ್ನುತ್ತಿದೆ. ಇಲ್ಲಿ ಲೆಕ್ಕಪತ್ರ ಓದುವವರು ಒಂದಿಬ್ಬರು ಇದ್ದಾರೆ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ.

ಇಂಗ್ಲೆಂಡಿನ ಫುಟ್‌ಬಾಲ್‌ನ ಕೆಳಗಿನ ಡಿವಿಜನ್‌ಗಳಲ್ಲಿ, ಅಂದರೆ ಲೀಗ್ ಒನ್, ಲೀಗ್ ಟೂ, ಅದರ ಕೆಳಗಿನ ನ್ಯಾಷನಲ್ ಲೀಗ್‌ನಲ್ಲಿ, ಆಗಾಗ ಒಬ್ಬ ಮ್ಯಾನೇಜರ್ (ತಂಡ ಆಡಿಸುವವರು) ಬರುತ್ತಾರೆ, ಬರುವಾಗಲೇ ಕ್ಲಬ್ಬಿನ ಷೇರನ್ನೂ ತೆಗೆದುಕೊಳ್ಳುತ್ತಾರೆ. 2019ರ ಡಿಸೆಂಬರ್ ಕೊನೆಯಲ್ಲಿ ಇಯಾನ್ ಹಾಲೋವೇ ಗ್ರಿಮ್ಸ್‌ಬಿ ಟೌನ್‌ಗೆ ಬಂದಾಗ ಹೀಗೇ ಆಯಿತು. ಆಗ ಎಲ್ಲರೂ ಏನು ಖುಷಿ! "ಸ್ವಂತ ದುಡ್ಡು ಹಾಕಿದ್ದಾರೆ, ಇನ್ನು ಓಡಿಹೋಗಲ್ಲ" ಅಂತ. ಒಂದೇ ವರ್ಷಕ್ಕೆ ರಾಜೀನಾಮೆ ಕೊಟ್ಟು ಹೋದರು.

ನನಗೆ ಅರ್ಥವಾಗದ್ದು ಇಷ್ಟು. ಆ ದುಡ್ಡು ಎಲ್ಲಿಗೆ ಹೋಗುತ್ತೆ? ಕ್ಲಬ್ಬಿಗಾ, ಹಳೆಯ ಮಾಲೀಕನ ಜೇಬಿಗಾ? ಈ ಕ್ಲಬ್‌ಗಳಲ್ಲಿ ಲಾಭವೇ ಇಲ್ಲವಲ್ಲ, ಡಿವಿಡೆಂಡ್ ಅಂತೂ ಕೇಳಲೇಬೇಡಿ, ಹಾಗಿದ್ದ ಮೇಲೆ ಮ್ಯಾನೇಜರ್‌ಗೆ ಸಿಗೋದಾದರೂ ಏನು? ಮತ್ತೆ ಅವರನ್ನು ಕೆಲಸದಿಂದ ತೆಗೆದರೆ ಆ ಷೇರು ಏನಾಗುತ್ತೆ? ನಾಳೆ ಪಕ್ಕದ ಕ್ಲಬ್ಬಿಗೆ ಹೋಗಿ ನಮ್ಮ ವಿರುದ್ಧವೇ ಆಡಿಸುವಾಗಲೂ ನಮ್ಮ ಷೇರುದಾರರೇ ಆಗಿರುತ್ತಾರಾ?

---

ಬ್ಯಾಲೆನ್ಸ್ ಶೀಟ್:

ಒಳ್ಳೆ ಪ್ರಶ್ನೆ ಗುರು. ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನೋದೇ ಇಲ್ಲಿ ಮುಖ್ಯ, ಸುದ್ದಿ ಬರೆಯುವವರು ಅದೊಂದನ್ನೇ ಬಿಟ್ಟು ಉಳಿದಿದ್ದೆಲ್ಲ ಬರೆಯುತ್ತಾರೆ.

ಎರಡು ದಾರಿ ಇದೆ. ಕ್ಲಬ್ಬಿನ ಕಂಪನಿ ಹೊಸ ಷೇರು ಹೊರಡಿಸಿ ಮ್ಯಾನೇಜರ್‌ಗೆ ಮಾರಿದರೆ ದುಡ್ಡು ಕ್ಲಬ್ಬಿನ ಬ್ಯಾಂಕ್ ಖಾತೆಗೆ ಬರುತ್ತದೆ. ಆ ದುಡ್ಡಿನಲ್ಲಿ ಸಂಬಳ ಕೊಡಬಹುದು, ಮೈದಾನದ ಚರಂಡಿ ಸರಿ ಮಾಡಿಸಬಹುದು. ಅದರ ಬದಲು ಈಗಾಗಲೇ ಇರುವ ದೊಡ್ಡ ಷೇರುದಾರ ತನ್ನ ಪಾಲಿನಲ್ಲಿ ಒಂದಿಷ್ಟನ್ನು ಮಾರಿದರೆ ಕ್ಲಬ್ಬಿಗೆ ಒಂದು ಪೆನ್ನಿಯೂ ಬರುವುದಿಲ್ಲ. ಹೆಸರು ಬದಲಾಯಿತು, ಅಷ್ಟೇ. ಆದರೆ ಪತ್ರಿಕೆಯಲ್ಲಿ ಎರಡಕ್ಕೂ "ಮ್ಯಾನೇಜರ್ ಕ್ಲಬ್ಬಿನಲ್ಲಿ ಹೂಡಿಕೆ ಮಾಡಿದರು" ಅನ್ನೋ ಒಂದೇ ತಲೆಬರಹ.

ಹೊಸ ಷೇರಾದರೆ ಒಂದು ತಮಾಷೆ ಇದೆ. ಇಎಫ್‌ಎಲ್‌ನಲ್ಲಿ (ಪ್ರೀಮಿಯರ್ ಲೀಗ್‌ನ ಕೆಳಗಿನ ಮೂರು ಡಿವಿಜನ್ ನಡೆಸುವ ಸಂಸ್ಥೆ) ಆಟಗಾರರ ಸಂಬಳಕ್ಕೆ ಒಂದು ಲೆಕ್ಕ ಇದೆ, ಎಸ್‌ಸಿಎಂಪಿ ಅಂತ ಕರೆಯುತ್ತಾರೆ. ಅದರ ಮೂಲ ರೂಪ ಹೀಗೆ: ವರ್ಷದ ಮಾಮೂಲು ಆದಾಯದಲ್ಲಿ ಲೀಗ್ ಟೂ ಕ್ಲಬ್ ಶೇ. 50ರಷ್ಟು, ಲೀಗ್ ಒನ್ ಕ್ಲಬ್ ಶೇ. 60ರಷ್ಟು ಮಾತ್ರ ಆಟಗಾರರ ಮೇಲೆ ಖರ್ಚು ಮಾಡಬಹುದು. ಆದರೆ ಮಾಲೀಕರು ಷೇರಾಗಿ ಅಥವಾ ದಾನವಾಗಿ ಹಾಕಿದ ದುಡ್ಡನ್ನು ಪೂರ್ತಿ ಸಂಬಳಕ್ಕೆ ಬಳಸಬಹುದು. ಸಾಲವಾಗಿ ಕೊಟ್ಟರೆ ಆ ಸೌಲಭ್ಯ ಇಲ್ಲ. ಅಂದರೆ ಮ್ಯಾನೇಜರ್ ಒಂದು ಲಕ್ಷ ಪೌಂಡ್‌ಗೆ ಹೊಸ ಷೇರು ಕೊಂಡರು ಅಂತ ಇಟ್ಟುಕೊಳ್ಳಿ, ಆ ಇಡೀ ಲಕ್ಷ ಆಟಗಾರರ ಬಜೆಟ್‌ಗೆ ಹೋಗಬಹುದು. ವಾರಕ್ಕೆ ಸುಮಾರು 1,900 ಪೌಂಡ್ ಆಯಿತು, ಉದ್ಯೋಗದಾತರ ನ್ಯಾಷನಲ್ ಇನ್ಶೂರೆನ್ಸ್ ಕಳೆದರೆ ಇನ್ನೂ ಕಡಿಮೆ. ತನ್ನ ಸ್ಟ್ರೈಕರ್‌ನ ಸಂಬಳ ತಾನೇ ಕೊಟ್ಟ ಹಾಗೆ, ಅದೂ ಒಂದು ಸೀಸನ್‌ಗೆ ಮಾತ್ರ. ಮುಂದಿನ ವರ್ಷ ಆ ದುಡ್ಡು ಇರಲ್ಲ, ಸ್ಟ್ರೈಕರ್‌ನ ಕರಾರು ಮಾತ್ರ ಇರುತ್ತೆ.

ಇನ್ನು ಷೇರಿನ ಬೆಲೆ. ಬರಿ (Bury) ಅನ್ನೋ ಊರಿನ ಕ್ಲಬ್ಬನ್ನು 2018ರ ಡಿಸೆಂಬರ್‌ನಲ್ಲಿ ಸ್ಟೀವ್ ಡೇಲ್ ಕೊಂಡಿದ್ದು ಒಂದು ಪೌಂಡ್‌ಗೆ. 1885ರಲ್ಲಿ ಹುಟ್ಟಿದ, ಎರಡು ಸಲ ಎಫ್‌ಎ ಕಪ್ ಗೆದ್ದ ಕ್ಲಬ್ ಅದು! ಮರುವರ್ಷ ತಂಡ ಲೀಗ್ ಒನ್‌ಗೆ ಪ್ರಮೋಷನ್ ಪಡೆಯಿತು, ಆಗಸ್ಟ್‌ನಲ್ಲಿ ಕ್ಲಬ್ಬನ್ನೇ ಇಎಫ್‌ಎಲ್‌ನಿಂದ ಹೊರಹಾಕಿದರು. ಸಾಲ ಆಸ್ತಿಗಿಂತ ಜಾಸ್ತಿ ಇದ್ದಾಗ ಷೇರಿಗೆ ಬೆಲೆ ಇರುವುದಿಲ್ಲ. ಕೆಳಗಿನ ಡಿವಿಜನ್‌ನ ಬಹಳಷ್ಟು ಕ್ಲಬ್‌ಗಳ ಬ್ಯಾಲೆನ್ಸ್ ಶೀಟ್ ತೆಗೆದು ನೋಡಿ, ಮಾಲೀಕ ಕೊಟ್ಟ ಸಾಲ ಒಂದು ಸಾಲಿನಲ್ಲಿ ದೊಡ್ಡದಾಗಿ ಕೂತಿರುತ್ತದೆ. ಕ್ಲಬ್ ಮಾರಾಟವಾದರೆ ಮೊದಲು ಆ ಸಾಲದ ಮಾತು, ಷೇರುದಾರರ ಪಾಲು ಆಮೇಲೆ.

ಕ್ಲಬ್ ಅಡ್ಮಿನಿಸ್ಟ್ರೇಷನ್‌ಗೆ (ಸಾಲ ತೀರಿಸಲಾಗದೆ ಹೊರಗಿನ ಆಡಳಿತಗಾರರ ಕೈಗೆ) ಹೋದರಂತೂ ಕೇಳಲೇಬೇಡಿ. 12 ಅಂಕ ಕಡಿತ ಒಂದು ಕಡೆ. ಇನ್ನೊಂದು ಕಡೆ ಅಡಮಾನ ಇಟ್ಟುಕೊಂಡವರು, ತೆರಿಗೆ ಇಲಾಖೆ (2020ರ ಡಿಸೆಂಬರ್‌ನಿಂದ ಅದಕ್ಕೆ ಮತ್ತೆ ಆದ್ಯತೆ ಬಂದಿದೆ), ಲೀಗ್‌ನಲ್ಲಿ ಉಳಿಯಬೇಕಾದರೆ ಪೂರ್ತಿ ತೀರಿಸಲೇಬೇಕಾದ ಫುಟ್‌ಬಾಲ್ ಸಾಲಗಳು (ಆಟಗಾರರಿಗೆ, ಬೇರೆ ಕ್ಲಬ್‌ಗಳಿಗೆ ಕೊಡಬೇಕಾದ್ದು), ಹಾಲಿನವನು, ಪ್ರಿಂಟರ್‌ನವನು. ಷೇರುದಾರ ಎಲ್ಲರಿಗಿಂತ ಕೊನೆ. ಆದ್ದರಿಂದ ಇದನ್ನು ಹೂಡಿಕೆ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ. ಪ್ರವೇಶ ಶುಲ್ಕ ಅನ್ನಬಹುದು.

---

ಹಳೇ ಟೆರೇಸ್:

ಮೇಲಿನವರು ಹೇಳಿದ್ದು ಸರಿ, ಆದರೆ ಸಣ್ಣ ಪಾಲು ಬೇರೆ, ಇಡೀ ಕ್ಲಬ್ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಇಡೀ ಕ್ಲಬ್ ಕೊಂಡು ತಾವೇ ಮ್ಯಾನೇಜರ್ ಆದವರಲ್ಲಿ ನನಗೆ ಯಾವಾಗಲೂ ನೆನಪಾಗೋದು ರಾನ್ ನೋಡ್ಸ್. 1981ರಿಂದ ಕ್ರಿಸ್ಟಲ್ ಪ್ಯಾಲೆಸ್‌ನ ಚೇರ್ಮನ್, 1998ರಲ್ಲಿ ಅದನ್ನು ಮಾರ್ಕ್ ಗೋಲ್ಡ್‌ಬರ್ಗ್‌ಗೆ ಮಾರಿದರು. ಸೆಲ್‌ಹರ್ಸ್ಟ್ ಪಾರ್ಕ್ ಮೈದಾನವನ್ನು ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಂಡರು ನೋಡಿ, ಆಸಾಮಿ ಎಂಥವರು ಅಂತ ಅದರಲ್ಲೇ ಗೊತ್ತಾಗುತ್ತೆ. ಅದೇ ವರ್ಷ ನಾಲ್ಕನೇ ಹಂತಕ್ಕೆ ಇಳಿದಿದ್ದ ಬ್ರೆಂಟ್‌ಫರ್ಡ್ ಕೊಂಡು, ಮ್ಯಾನೇಜರ್ ಯಾರು ಅಂದರೆ ನಾನೇ ಅಂದರು. ಜನ ನಕ್ಕರು. 1999ರಲ್ಲಿ ಬ್ರೆಂಟ್‌ಫರ್ಡ್ ಆ ಡಿವಿಜನ್‌ನ ಚಾಂಪಿಯನ್. ರೇ ಲೂಯಿಂಗ್ಟನ್ ಥರದ ಒಳ್ಳೆ ಕೋಚ್ ಪಕ್ಕದಲ್ಲಿದ್ದರು ಅನ್ನೋದು ನಿಜ, ಆದರೂ ನಗುವವರ ಬಾಯಿ ಮುಚ್ಚಿತು. ಆಮೇಲೆ 2000ದ ನವೆಂಬರ್‌ನಲ್ಲಿ ಎಫ್‌ಎ ಕಪ್‌ನಲ್ಲಿ ಲೀಗ್‌ನ ಹೊರಗಿನ ಕಿಂಗ್‌ಸ್ಟೋನಿಯನ್ ವಿರುದ್ಧ ಮನೆಯಂಗಳದಲ್ಲೇ ಸೋತರು, ಮ್ಯಾನೇಜರ್ ಕೆಲಸ ಬಿಟ್ಟರು. ಮಾಲೀಕರಾಗಿ ಮಾತ್ರ ಮುಂದುವರಿದರು. ಕೊನೆಗೆ 2006ರಲ್ಲಿ ಕ್ಲಬ್ ಅಭಿಮಾನಿಗಳ ಟ್ರಸ್ಟ್ ಕೈಗೆ ಬಂತು.

ಬ್ಯಾರಿ ಫ್ರೈ ಕಥೆ ಇನ್ನೊಂದು ಥರ. 1996ರಲ್ಲಿ ಪೀಟರ್‌ಬರೋಗೆ ಬಂದರು, ಕ್ಲಬ್ಬಿನ ಸಾಲ ನೋಡಿ ಕಣ್ಣು ಕತ್ತಲೆ ಬಂತು. 1997ರಲ್ಲಿ ಪಿಜ್ಜಾ ಎಕ್ಸ್‌ಪ್ರೆಸ್ ಕಟ್ಟಿದ ಪೀಟರ್ ಬೊಯಿಜೋ ಬಂದು ಕೈ ಹಿಡಿದರು. ಅವರು ಬಿಟ್ಟ ಮೇಲೆ ಮತ್ತೆ ಫ್ರೈ ಹೆಗಲಿಗೇ ಬಿತ್ತು. ಮಾಲೀಕರೂ ಅವರೇ, ಮ್ಯಾನೇಜರೂ ಅವರೇ. 2005ರವರೆಗೆ ತಂಡ ನಡೆಸಿದರು, ಆಮೇಲೆ ಡಾರಾ ಮ್ಯಾಕ್‌ಆಂಟನಿ ಬಂದು ಕ್ಲಬ್ ತೆಗೆದುಕೊಂಡ ಮೇಲೆ ಫ್ರೈ ಡೈರೆಕ್ಟರ್ ಆಫ್ ಫುಟ್‌ಬಾಲ್ ಆಗಿ ಉಳಿದರು. ಇಲ್ಲಿ ಗಮನಿಸಿ, ಈ ಮನುಷ್ಯ ಓಡಿಹೋಗಲಿಲ್ಲ. ಆದರೆ ಷೇರು ಇತ್ತು ಅಂತ ಉಳಿದರಾ, ಅಥವಾ ಉಳಿಯುವ ಮನುಷ್ಯ ಆಗಿದ್ದರಿಂದ ಷೇರು ತಲೆಗೆ ಬಿತ್ತಾ? ನನಗೆ ಎರಡನೆಯದೇ ಸರಿ ಅನ್ನಿಸುತ್ತೆ.

ಕೆಟ್ಟ ಉದಾಹರಣೆ ಬೇಕಾ? ಕಾರ್ಲೈಲ್‌ನ ಮೈಕಲ್ ನೈಟನ್. 1997ರಲ್ಲಿ ಮ್ಯಾನೇಜರ್ ಮರ್ವಿನ್ ಡೇ ಅವರನ್ನು ತೆಗೆದು ಚೇರ್ಮನ್ ಸಾಹೇಬರೇ ತಂಡ ನೋಡಿಕೊಳ್ಳೋಕೆ ಹೊರಟರು. 1998ರಲ್ಲಿ ರೆಲಿಗೇಷನ್, ಅಂದರೆ ಕೆಳಗಿನ ಡಿವಿಜನ್‌ಗೆ ಇಳಿದರು. ಇದರ ಬಗ್ಗೆ ಇನ್ನೇನೂ ಬರೆಯಲ್ಲ.

ಈಗಿನ ಕಾಲಕ್ಕೆ ಡಾರ್ಕಿಂಗ್ ವಾಂಡರರ್ಸ್‌ನ ಮಾರ್ಕ್ ವೈಟ್. 1999ರಲ್ಲಿ ಸ್ನೇಹಿತರ ಜೊತೆ ಸುಮ್ನೆ ಆಡೋಕೆ ಅಂತ ತಂಡ ಕಟ್ಟಿದರು, ಒಂದೊಂದೇ ಮೆಟ್ಟಿಲು ಹತ್ತಿ 2022ರಲ್ಲಿ ನ್ಯಾಷನಲ್ ಲೀಗ್‌ಗೆ ತಂದರು. ಮಾಲೀಕ, ಮ್ಯಾನೇಜರ್ ಎರಡೂ ಅವರೇ. ಅವರನ್ನು ಕೆಲಸದಿಂದ ತೆಗೆಯುವವರು ಯಾರು? 2024ರಲ್ಲಿ ತಂಡ ಕೆಳಗಿಳಿದಾಗ ಬೇರೆ ಯಾವ ಕ್ಲಬ್ಬಿನಲ್ಲಾದರೂ ಮ್ಯಾನೇಜರ್ ಗಂಟುಮೂಟೆ ಕಟ್ಟಬೇಕಿತ್ತು, ಇಲ್ಲಿ ಅವರೇ ಮುಂದುವರಿದರು. ಅದು ಒಳ್ಳೆಯದೋ ಕೆಟ್ಟದ್ದೋ ಅಂತ ಬೇಕಾದಷ್ಟು ಜಗಳ ಆಡಬಹುದು. ಆದರೆ ಸೋತರೆ ತನ್ನದೇ ದುಡ್ಡು ಅನ್ನೋದಂತೂ ಖಂಡಿತ. ಹಾಲೋವೇ ವಿಷಯದಲ್ಲಿ ಆ ಮಾತು ಹೇಳೋಕೆ ಆಗುತ್ತಾ?

---

ಕಪ್ಪುಬಿಳಿ ಪಟ್ಟೆ:

ಗ್ರಿಮ್ಸ್‌ಬಿ ಹೆಸರು ಬಂದಿದ್ದಕ್ಕೆ ಬರೆಯುತ್ತಿದ್ದೇನೆ, ಈ ಕ್ಲಬ್ಬನ್ನು ಬಹಳ ವರ್ಷದಿಂದ ನೋಡುತ್ತಿರುವವನು ನಾನು.

ಹಾಲೋವೇ ಬಂದಾಗ ಕ್ಲಬ್ಬಿನ ದೊಡ್ಡ ಷೇರುದಾರ ಜಾನ್ ಫೆಂಟಿ. ವರ್ಷಗಟ್ಟಲೆ ಸಾಲ ಕೊಟ್ಟು ಕ್ಲಬ್ ನಡೆಸಿದವರು, ಅಭಿಮಾನಿಗಳಲ್ಲಿ ಅರ್ಧ ಜನಕ್ಕೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಹಾಲೋವೇ ಮೊದಲ ಎರಡು ತಿಂಗಳು ನಿಜಕ್ಕೂ ಚೆನ್ನಾಗಿತ್ತು, ಆ ಮನುಷ್ಯನ ಮಾತು ಕೇಳೋಕೇ ಮೈದಾನಕ್ಕೆ ಹೋಗಬೇಕು ಅನ್ನಿಸುತ್ತಿತ್ತು. ಮಾರ್ಚ್‌ನಲ್ಲಿ ಕೋವಿಡ್ ಬಂತು, ಲೀಗ್ ಟೂ ಸೀಸನ್ ಅಲ್ಲಿಗೇ ನಿಂತಿತು. ಗೇಟ್ ಕಲೆಕ್ಷನ್ ಸೊನ್ನೆ. ಗ್ರಿಮ್ಸ್‌ಬಿ ಥರದ ಕ್ಲಬ್ಬಿಗೆ ಟಿಕೆಟ್ ದುಡ್ಡು, ಮ್ಯಾಚ್ ದಿನ ಬಾರಿನಲ್ಲಿ ಬರುವ ದುಡ್ಡು ಇವೇ ಉಸಿರು.

ಮುಂದಿನ ಸೀಸನ್ ಖಾಲಿ ಮೈದಾನದಲ್ಲಿ ಶುರುವಾಯಿತು, ತಂಡ ಕೆಳಗೆ ಜಾರಿತು. ಡಿಸೆಂಬರ್ ಹೊತ್ತಿಗೆ ಫೆಂಟಿ ಕ್ಲಬ್ ಮಾರುವ ಮಾತು. ಹಾಲೋವೇ ಆ ತಿಂಗಳೇ ರಾಜೀನಾಮೆ ಕೊಟ್ಟರು, ಮಾಲೀಕರು ಬದಲಾಗುವುದೇ ದೊಡ್ಡ ಕಾರಣ ಅಂತ ಹೇಳಿಕೊಂಡರು. ಇದನ್ನು ನಿಧಾನವಾಗಿ ಯೋಚಿಸಿ. ಷೇರು ಇದ್ದರೆ ಕ್ಲಬ್ಬಿಗೆ ಅಂಟಿಕೊಳ್ಳುತ್ತಾರೆ ಅಂತ ಅಲ್ವಾ ನಾವು ಅಂದುಕೊಂಡಿದ್ದು? ಅವರು ಅಂಟಿಕೊಂಡಿದ್ದು ಕ್ಲಬ್ಬಿಗಲ್ಲ, ತನ್ನನ್ನು ಕರೆತಂದ ವ್ಯಕ್ತಿಗೆ. ಆ ವ್ಯಕ್ತಿ ಹೊರಟಾಗ ಇವರೂ ಹೊರಟರು. ಸಣ್ಣ ಷೇರುದಾರನ ಸ್ಥಿತಿಯೇ ಹಾಗೆ, ದೊಡ್ಡ ಷೇರುದಾರ ಯಾರು ಅನ್ನೋದರ ಮೇಲೆ ಎಲ್ಲ ನಿಂತಿರುತ್ತದೆ.

ಆಮೇಲೆ ಪಾಲ್ ಹರ್ಸ್ಟ್ ವಾಪಸ್ ಬಂದರು, ಆದರೂ 2021ರಲ್ಲಿ ಲೀಗ್‌ನಿಂದಲೇ ಹೊರಬಿದ್ದೆವು. ಆ ಮೇ ತಿಂಗಳಲ್ಲಿ ಜೇಸನ್ ಸ್ಟಾಕ್‌ವುಡ್, ಆಂಡ್ರೂ ಪೆಟಿಟ್ ಕ್ಲಬ್ ತೆಗೆದುಕೊಂಡರು. ಹೊಸ ಮಾಲೀಕರು ಮೊದಲು ಮಾಡಿದ ಒಳ್ಳೆ ಕೆಲಸ ಅಂದರೆ ಮ್ಯಾನೇಜರ್‌ನನ್ನು ತೆಗೆಯದೇ ಇದ್ದದ್ದು. 2022ರಲ್ಲಿ ಪ್ಲೇಆಫ್‌ನ (ಪ್ರಮೋಷನ್‌ಗಾಗಿ ಆಡುವ ನಾಕೌಟ್) ಮೂರು ಪಂದ್ಯವನ್ನೂ ಎಕ್ಸ್‌ಟ್ರಾ ಟೈಮ್‌ನಲ್ಲಿ ಗೆದ್ದು ವಾಪಸ್ ಬಂದೆವು. ರೆಕ್ಸಂ ವಿರುದ್ಧದ ಆ 5-4 ಇನ್ನೂ ಕಣ್ಣ ಮುಂದಿದೆ. 2025ರ ಆಗಸ್ಟ್‌ನಲ್ಲಿ ಲೀಗ್ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಪೆನಾಲ್ಟಿಯಲ್ಲಿ 12-11ರಿಂದ ಸೋಲಿಸಿದ್ದಂತೂ ಎಲ್ಲರಿಗೂ ಗೊತ್ತು, ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ.

---

ಲೀಗ್‌ಟೂ ಹುಚ್ಚ:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಪಟ್ಟೆಯವರೇ, 12-11 ಎಷ್ಟು ಸಲ ಬೇಕಾದರೂ ಹೇಳಿ.

ಇನ್ನೊಂದು ಅನುಮಾನ. ಮ್ಯಾನೇಜರ್ ಹತ್ತಿರ ಷೇರು ಇದ್ದರೆ ಆಟಗಾರರನ್ನು ಮಾರುವಾಗ ಸ್ವಾರ್ಥ ಬರಲ್ವಾ? ಜನವರಿಯಲ್ಲಿ 19 ವರ್ಷದ ಹುಡುಗನಿಗೆ ಒಳ್ಳೆ ಬೆಲೆ ಬಂದರೆ, ಷೇರುದಾರನಾಗಿ ಮಾರಬೇಕು ಅನ್ನಿಸುತ್ತೆ, ಮ್ಯಾನೇಜರ್ ಆಗಿ ಇಟ್ಟುಕೊಳ್ಳಬೇಕು ಅನ್ನಿಸುತ್ತೆ. ಮತ್ತೆ ಕೆಲಸದಿಂದ ತೆಗೆದಾಗ ಷೇರಿನ ಗತಿ ಏನು ಅಂತ ಯಾರೂ ಹೇಳಲಿಲ್ಲ.

---

ಷರತ್ತು ಓದುವವಳು:

ನನ್ನ ಕೆಲಸ ಕಂಪನಿ ಕಾಗದಪತ್ರ ಓದೋದು, ಅದಕ್ಕೆ ಎರಡನೇ ಪ್ರಶ್ನೆಗೆ ಉತ್ತರ ನಾನು ಕೊಡುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

ಮ್ಯಾನೇಜರ್‌ನನ್ನು ಕೆಲಸದಿಂದ ತೆಗೆದರೆ ಷೇರು ತನ್ನಷ್ಟಕ್ಕೆ ತಾನೇ ವಾಪಸ್ ಬರುವುದಿಲ್ಲ. ಕೆಲಸದ ಕರಾರು ಒಂದು ಕಾಗದ, ಷೇರು ಇನ್ನೊಂದು. ವಾಪಸ್ ಬರಬೇಕಾದರೆ ಷೇರುದಾರರ ಒಪ್ಪಂದದಲ್ಲೋ ಕಂಪನಿಯ ನಿಯಮಾವಳಿಯಲ್ಲೋ ಮೊದಲೇ ಬರೆದಿರಬೇಕು. ಸಾಮಾನ್ಯವಾಗಿ "ಗುಡ್ ಲೀವರ್, ಬ್ಯಾಡ್ ಲೀವರ್" ಅಂತ ಒಂದು ಷರತ್ತು ಹಾಕುತ್ತಾರೆ. ಸರಿಯಾದ ಕಾರಣಕ್ಕೆ ಹೋದರೆ ಆಗಿನ ಬೆಲೆ ಕೊಟ್ಟು ಷೇರು ವಾಪಸ್ ತೆಗೆದುಕೊಳ್ಳುತ್ತಾರೆ, ತಾನಾಗಿ ಬಿಟ್ಟು ಹೋದರೆ ಅಥವಾ ತಪ್ಪು ಮಾಡಿ ಹೋದರೆ ಕೊಂಡ ಬೆಲೆ ಅಥವಾ ಅದಕ್ಕಿಂತ ಕಡಿಮೆ. ಫುಟ್‌ಬಾಲ್‌ನಲ್ಲಿ ಇದು ಕಷ್ಟ. ಹತ್ತು ಪಂದ್ಯ ಸತತ ಸೋತು ತೆಗೆಸಿಕೊಂಡ ಮ್ಯಾನೇಜರ್ ಗುಡ್ಡಾ ಬ್ಯಾಡಾ? ದೊಡ್ಡ ಕ್ಲಬ್ ಕರೆದು ಹೋದವನು? ಇದನ್ನು ಖುಷಿಯಲ್ಲಿ ಕೈಕುಲುಕುವ ದಿನ ಯಾರೂ ಬರೆಯೋಕೆ ಇಷ್ಟಪಡಲ್ಲ, ಬಿಡುವ ದಿನ ವಕೀಲರಿಗೆ ಹಬ್ಬ.

ಆ ಷರತ್ತು ಇಲ್ಲದಿದ್ದರೆ ಏನಾಗುತ್ತೆ? ಮಾಜಿ ಮ್ಯಾನೇಜರ್ ಸುಮ್ನೆ ಷೇರು ಹಿಡಿದುಕೊಂಡು ಕೂರಬಹುದು. ಶೇ. 5 ಪಾಲು ಇದ್ದರೆ ಅದರಿಂದ ಏನನ್ನೂ ತಡೆಯೋಕೆ ಆಗಲ್ಲ. ಸಾಮಾನ್ಯ ನಿರ್ಣಯಕ್ಕೆ ಅರ್ಧಕ್ಕಿಂತ ಜಾಸ್ತಿ ಮತ ಸಾಕು, ಡೈರೆಕ್ಟರ್‌ನನ್ನು ತೆಗೆಯೋಕೂ ಅಷ್ಟೇ ಸಾಕು. ವಿಶೇಷ ನಿರ್ಣಯಕ್ಕೆ ಶೇ. 75 ಬೇಕು, ಅಂದರೆ ಶೇ. 25ಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಅಡ್ಡಗಾಲು ಹಾಕಬಹುದು. ಸಣ್ಣ ಷೇರುದಾರನಿಗೆ ಉಳಿಯೋದು 2006ರ ಕಂಪನಿ ಕಾಯ್ದೆಯ 994ನೇ ಸೆಕ್ಷನ್, ತನಗೆ ಅನ್ಯಾಯವಾಗುವ ಹಾಗೆ ಕಂಪನಿ ನಡೆಸುತ್ತಿದ್ದಾರೆ ಅಂತ ಕೋರ್ಟಿಗೆ ಹೋಗುವ ದಾರಿ. ಅದಕ್ಕೆ ಆಗುವ ಖರ್ಚಿನಲ್ಲಿ ಇನ್ನೂ ಎರಡು ಪಾಲು ಷೇರು ಕೊಳ್ಳಬಹುದು.

ಮಾಲೀಕ ಹೊಸ ಷೇರು ಹೊರಡಿಸಿದರೆ ಶೇ. 5 ಇದ್ದದ್ದು ಶೇ. 1 ಆಗಿಬಿಡಬಹುದು. ಇರುವ ಷೇರುದಾರರಿಗೆ ಮೊದಲು ಕೊಡಬೇಕು ಅಂತ ಕಾಯ್ದೆ ಇದೆ, ಆದರೆ ಅದನ್ನು ಪಕ್ಕಕ್ಕೆ ಇಡೋಕೂ ದಾರಿ ಇದೆ. ಆ ಹಕ್ಕು ಉಳಿದರೂ ಮಾಲೀಕ ಹಾಕುವಷ್ಟು ದುಡ್ಡು ಮ್ಯಾನೇಜರ್ ಹಾಕೋಕೆ ಆಗುತ್ತಾ?

ಪಕ್ಕದ ಕ್ಲಬ್ಬಿಗೆ ಹೋದರೆ ಅಂತ ಕೇಳಿದಿರಲ್ಲ. ಒಬ್ಬರೇ ಎರಡು ಕ್ಲಬ್‌ನಲ್ಲಿ ಹಿತಾಸಕ್ತಿ ಇಟ್ಟುಕೊಳ್ಳೋದಕ್ಕೆ ಇಎಫ್‌ಎಲ್ ನಿಯಮದಲ್ಲಿ ಅಡ್ಡಿ ಇದೆ, ಲೀಗ್ ಬೋರ್ಡಿನ ಒಪ್ಪಿಗೆ ಬೇಕು. ಹೊಸ ಕೆಲಸಕ್ಕೆ ಸಹಿ ಹಾಕುವ ಮುಂಚೆ ಹಳೆಯ ಷೇರಿಗೆ ಒಂದು ದಾರಿ ಕಾಣಿಸಲೇಬೇಕು. ಆಗ ಕೊಳ್ಳುವವನಿಗೆ ಗೊತ್ತಿರುತ್ತೆ, ಇವನು ಮಾರಲೇಬೇಕು ಅಂತ. ಬೆಲೆ ಎಷ್ಟು ಸಿಗಬಹುದು ಅಂತ ನೀವೇ ಊಹಿಸಿ.

ಇನ್ನು ತೆರಿಗೆ. ಷೇರನ್ನು ಪುಕ್ಕಟೆ ಕೊಟ್ಟರೆ ಅಥವಾ ಕಡಿಮೆ ಬೆಲೆಗೆ ಕೊಟ್ಟರೆ ಅದು ಸಂಬಳದ ಲೆಕ್ಕಕ್ಕೇ ಬರುತ್ತೆ, ಆ ವ್ಯತ್ಯಾಸದ ಮೇಲೆ ಆದಾಯ ತೆರಿಗೆ ಕಟ್ಟಬೇಕು. ಷೇರಿಗೆ ಮೇಲೆ ಹೇಳಿದ ಥರದ ಷರತ್ತುಗಳಿದ್ದರೆ ಕೊಂಡ 14 ದಿನದೊಳಗೆ ಕ್ಲಬ್ ಮತ್ತು ಮ್ಯಾನೇಜರ್ ಇಬ್ಬರೂ ಸೇರಿ ಒಂದು ಕಾಗದಕ್ಕೆ ಸಹಿ ಹಾಕೋದು ರೂಢಿ, 431 ಎಲೆಕ್ಷನ್ ಅಂತಾರೆ. ಹಾಕದಿದ್ದರೆ ಮುಂದೆ ಬೆಲೆ ಏರಿದಾಗ ಆ ಏರಿಕೆಯ ಒಂದು ಪಾಲೂ ಸಂಬಳದ ಹಾಗೆ ತೆರಿಗೆಗೆ ಬೀಳಬಹುದು. ಬೆಲೆ ಏರಿದರೆ ತಾನೇ ಅಂತೀರಾ? ಅದೂ ಸರಿಯೇ.

---

ಬ್ಯಾಲೆನ್ಸ್ ಶೀಟ್:

ಮೇಡಂ, ಭಲೇ. ಆಟಗಾರನ ಮಾರಾಟದ ಪ್ರಶ್ನೆಗೆ ನನ್ನದೊಂದು ಮಾತು.

ಸಣ್ಣ ಪಾಲಿನ ಮ್ಯಾನೇಜರ್‌ಗೆ ಆಟಗಾರನನ್ನು ಮಾರಿ ಸಿಗುವ ಲಾಭ ಕಾಗದದ ಮೇಲೆ ಮಾತ್ರ. ಹುಡುಗನನ್ನು ಹತ್ತು ಲಕ್ಷ ಪೌಂಡ್‌ಗೆ ಮಾರಿದರು ಅಂತ ಇಟ್ಟುಕೊಳ್ಳಿ, ಶೇ. 5 ಪಾಲಿನವನಿಗೆ 50,000 ಬರುತ್ತಾ? ಇಲ್ಲ. ಆ ದುಡ್ಡು ಈ ವರ್ಷದ ನಷ್ಟ ತುಂಬೋಕೆ ಹೋಗುತ್ತೆ. ಹುಡುಗ ಹೋದ ಮೇಲೆ ನಾಲ್ಕು ಪಂದ್ಯ ಸೋತರೆ ಮ್ಯಾನೇಜರ್‌ಗೆ ಕೆಲಸವೇ ಇರಲ್ಲ. ಆದ್ದರಿಂದ ಷೇರು ಇದ್ದರೂ ಅವನು ಮ್ಯಾನೇಜರ್ ಥರವೇ ಯೋಚಿಸುತ್ತಾನೆ. ಹೆಚ್ಚು ಪಾಲು ಇರುವವನ ವಿಷಯ ಬೇರೆ. ಫ್ರೈ ಥರದವರು ಈ ವಾರದ ಸಂಬಳಕ್ಕೆ ಯಾರನ್ನು ಮಾರಬೇಕು ಅಂತ ಯೋಚಿಸುತ್ತಲೇ ಶನಿವಾರದ ತಂಡ ಬರೆಯಬೇಕಾಗುತ್ತೆ.

ಷೇರು ಕೊಡದೆಯೂ ಮ್ಯಾನೇಜರ್‌ನನ್ನು ಉಳಿಸಿಕೊಂಡ ಕ್ಲಬ್ ಬೇಕಾದರೆ ಎಕ್ಸಿಟರ್ ಸಿಟಿ ನೋಡಿ. 2003ರಲ್ಲಿ ಲೀಗ್‌ನಿಂದ ಹೊರಬಿದ್ದು ಮುಳುಗುತ್ತಿದ್ದಾಗ ಅಭಿಮಾನಿಗಳ ಟ್ರಸ್ಟ್ ಕೈಗೆ ತೆಗೆದುಕೊಂಡಿತು. 2005ರ ಜನವರಿಯಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ 0-0 ಮಾಡಿಕೊಂಡು, ಮರುಪಂದ್ಯದ ದುಡ್ಡನ್ನೂ ಗಿಟ್ಟಿಸಿ ಸಾಲದಿಂದ ತಲೆ ಎತ್ತಿದರು. 2006ರಲ್ಲಿ ಬಂದ ಪಾಲ್ ಟಿಸ್‌ಡೇಲ್ 2018ರವರೆಗೆ ಇದ್ದರು. ಅವರ ಹತ್ತಿರ ಇದ್ದದ್ದು ಷೇರಲ್ಲ, ಯಾವತ್ತೂ ಎರಡು ವರ್ಷ ಬಾಕಿ ಇರುವ ಉರುಳುವ ಕರಾರು.

ಅದರಲ್ಲೂ ತೊಂದರೆ ಇತ್ತು. ಯಾವಾಗ ತೆಗೆದರೂ ಎರಡು ವರ್ಷದ ಸಂಬಳ ಕೊಡಬೇಕು, ಟ್ರಸ್ಟ್‌ಗೆ ಅದು ದೊಡ್ಡ ಹೊರೆ. 2016ರ ನವೆಂಬರ್‌ನಲ್ಲಿ ತಂಡ ಲೀಗ್ ಟೂನಲ್ಲಿ ತಳದಲ್ಲಿದ್ದಾಗ ಆ ಕರಾರನ್ನು ಮುಗಿಸುವ ನೋಟಿಸ್ ಕೊಟ್ಟರು. ಆಮೇಲೇನಾಯಿತು ಗೊತ್ತಾ, ಅದೇ ಸೀಸನ್‌ನಲ್ಲಿ ತಂಡ ವೆಂಬ್ಲಿಯ ಪ್ಲೇಆಫ್ ಫೈನಲ್ ಮುಟ್ಟಿತು, ಬ್ಲ್ಯಾಕ್‌ಪೂಲ್‌ಗೆ ಸೋತಿತು. ಮರುವರ್ಷ ಮತ್ತೆ ವೆಂಬ್ಲಿ, ಕೊವೆಂಟ್ರಿಗೆ ಸೋತಿತು. ಆಮೇಲೆ ಟಿಸ್‌ಡೇಲ್ ಎಂಕೆ ಡಾನ್ಸ್‌ಗೆ ಹೋದರು. ನಡುವೆ ಓಲಿ ವಾಟ್ಕಿನ್ಸ್ ಬ್ರೆಂಟ್‌ಫರ್ಡ್‌ಗೆ, ಈಥನ್ ಅಂಪಾಡು ಚೆಲ್ಸಿಗೆ ಹೋದರು. ಕ್ಲಬ್ ನಡೆದದ್ದು ಇಂಥ ಹುಡುಗರನ್ನು ಬೆಳೆಸಿ ಮಾರಿದ ದುಡ್ಡಿನಲ್ಲಿ.

---

ಲಾಂಗ್ ಬಾಲ್:

ಇಷ್ಟೆಲ್ಲ ಯಾಕೆ? ಬೋನಸ್ ಕೊಡಿ, ಮುಗೀತು. ಪ್ರಮೋಷನ್ ಆದರೆ ಇಷ್ಟು, ಕೆಳಗಿಳಿಯದಿದ್ದರೆ ಇಷ್ಟು. ಷೇರು ಗೀರು ಎಲ್ಲ ಪತ್ರಿಕಾ ಹೇಳಿಕೆಗೆ ಚಂದ.

---

ಷರತ್ತು ಓದುವವಳು:

ಬೋನಸ್‌ಗೂ ತಾರೀಖು ಇರುತ್ತೆ ಸ್ವಾಮಿ. ಟೋನಿ ಪುಲಿಸ್ ವಿಷಯ ಓದಿ, ಅದು ಪ್ರೀಮಿಯರ್ ಲೀಗ್ ಕಥೆ, ಆದರೆ ಪಾಠ ಎಲ್ಲರಿಗೂ ಒಂದೇ. 2014ರಲ್ಲಿ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಆಗಸ್ಟ್ 31ರವರೆಗೆ ಇದ್ದರೆ 20 ಲಕ್ಷ ಪೌಂಡ್ ಬೋನಸ್ ಅಂತ ಇತ್ತು. ಮುಂಚೆಯೇ ದುಡ್ಡು ತೆಗೆದುಕೊಂಡರು, ಸೀಸನ್ ಶುರುವಾಗುವ ಎರಡು ದಿನ ಮೊದಲು ಕ್ಲಬ್ ಬಿಟ್ಟರು. ವಿಷಯ ಮಧ್ಯಸ್ಥರ ಪಂಚಾಯಿತಿಗೆ ಹೋಗಿ, ಕೊನೆಗೆ 37 ಲಕ್ಷ ಪೌಂಡ್‌ಗೂ ಜಾಸ್ತಿ ಕಟ್ಟಬೇಕು ಅಂತ ತೀರ್ಪಾಯಿತು.

ಆದರೂ ಲೀಗ್ ಟೂ ಮಟ್ಟದಲ್ಲಿ ನನ್ನ ವೋಟು ನಿಮಗೇ. ಬೋನಸ್ ಕೊಟ್ಟರೆ ಕ್ಲಬ್ಬಿಗೆ ಆ ವರ್ಷ ಖರ್ಚು, ಮುಂದೆ ಬಾಲ ಇರಲ್ಲ. ಷೇರು ಕೊಟ್ಟರೆ ಐದು ವರ್ಷ ಆದ ಮೇಲೆ ಕ್ಲಬ್ ಮಾರುವ ದಿನ, ಎಲ್ಲೋ ಇರುವ ಮಾಜಿ ಮ್ಯಾನೇಜರ್‌ನ ಸಹಿ ಹುಡುಕಿಕೊಂಡು ಹೋಗಬೇಕಾಗುತ್ತೆ.

---

ಹಳೇ ಟೆರೇಸ್:

ನಾನು ಅಷ್ಟು ಸುಲಭಕ್ಕೆ ಒಪ್ಪಲ್ಲ. ಬೋನಸ್ ಇಟ್ಟರೆ ಮ್ಯಾನೇಜರ್ ಮೇ ತಿಂಗಳವರೆಗೆ ಮಾತ್ರ ನೋಡುತ್ತಾನೆ. ಮೂವತ್ತನಾಲ್ಕು ವರ್ಷದ ಡಿಫೆಂಡರ್‌ಗೆ ಮೂರು ವರ್ಷದ ಕರಾರು ಕೊಡಿ ಅಂತ ಹಟ ಹಿಡಿಯುತ್ತಾನೆ, ಆ ಕರಾರು ಮುಗಿಯುವ ಹೊತ್ತಿಗೆ ಅವನು ಎಲ್ಲಿರುತ್ತಾನೋ ಯಾರಿಗೆ ಗೊತ್ತು. ವೈಟ್ ಅಂಥ ಕರಾರಿಗೆ ಸಹಿ ಹಾಕಲ್ಲ, ಯಾಕೆಂದರೆ ಮೂರನೇ ವರ್ಷದ ಸಂಬಳವೂ ಅವರೇ ಕೊಡಬೇಕು.

ಹಾಗಂತ ಶೇ. 5 ಕೊಟ್ಟರೆ ಆ ಬುದ್ಧಿ ಬರುತ್ತೆ ಅಂತಲೂ ನಾನು ಹೇಳಲ್ಲ. ಕೊಡುವುದಾದರೆ ಸೋಲಿನ ಬಿಸಿ ತಟ್ಟುವಷ್ಟು ಕೊಡಿ, ಬೋರ್ಡ್‌ನಲ್ಲಿ ಕುರ್ಚಿ ಕೊಡಿ, ಪ್ರತಿ ತಿಂಗಳ ನಗದು ಲೆಕ್ಕ ತೋರಿಸಿ. ಇಲ್ಲದಿದ್ದರೆ ಕೊಡಲೇಬೇಡಿ.

---

ಲೀಗ್‌ಟೂ ಹುಚ್ಚ:

ಕೊನೆಯದಾಗಿ ಒಂದು. ನಮ್ಮಂಥ ಹೊರಗಿನವರು ಇದನ್ನೆಲ್ಲ ಪತ್ತೆ ಮಾಡೋದು ಹೇಗೆ? ಮುಂದಿನ ಸಲ "ಮ್ಯಾನೇಜರ್ ಹೂಡಿಕೆ" ಅಂತ ಸುದ್ದಿ ಬಂದರೆ ಹೊಸ ಷೇರೋ ಹಳೇ ಷೇರೋ ಅಂತ ನಾವೇ ನೋಡಬಹುದಾ? ಮತ್ತೆ ಕ್ಲಬ್‌ಗಳ ಮೇಲೆ ಕಣ್ಣಿಡೋಕೆ ಅಂತ ಈ ಹೊಸ ರೆಗ್ಯುಲೇಟರ್ ಬಂದ ಮೇಲೆ ಏನಾದರೂ ಬದಲಾಗುತ್ತಾ?

---

ಬ್ಯಾಲೆನ್ಸ್ ಶೀಟ್:

ನೋಡಬಹುದು, ಪುಕ್ಕಟೆ. ಕಂಪನೀಸ್ ಹೌಸ್ (ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿ) ವೆಬ್‌ಸೈಟ್‌ಗೆ ಹೋಗಿ ಕ್ಲಬ್ಬಿನ ಕಂಪನಿ ಹೆಸರು ಹಾಕಿ. ಫೈಲಿಂಗ್ ಪಟ್ಟಿಯಲ್ಲಿ ಷೇರು ಹಂಚಿಕೆಯ ಫಾರಂ ಎಸ್‌ಎಚ್01 ಇದ್ದರೆ ಹೊಸ ಷೇರು ಹೊರಟಿದೆ ಅಂತ ಅರ್ಥ, ಎಷ್ಟು ಷೇರು, ಯಾವ ಬೆಲೆ ಅಂತಲೂ ಇರುತ್ತೆ. ಆ ಸಮಯದಲ್ಲಿ ಅಂಥ ಫಾರಂ ಇಲ್ಲ, ಆದರೂ ವರ್ಷದ ಕನ್ಫರ್ಮೇಷನ್ ಸ್ಟೇಟ್‌ಮೆಂಟ್‌ನಲ್ಲಿ ಮ್ಯಾನೇಜರ್ ಹೆಸರು ಬಂದಿದೆ ಅಂದರೆ ಯಾರೋ ಮಾರಿದ ಷೇರು. ಶೇ. 25ಕ್ಕಿಂತ ಜಾಸ್ತಿ ಇರುವವರ ಹೆಸರು 2016ರಿಂದ ಬೇರೆ ಪಟ್ಟಿಯಲ್ಲೇ ಬರುತ್ತೆ, ಮ್ಯಾನೇಜರ್ ಹೆಸರು ಅಲ್ಲಿ ಹುಡುಕೋದು ಹೆಚ್ಚಾಗಿ ವ್ಯರ್ಥ.

ಹುಷಾರಾಗಿರಬೇಕಾದ್ದು ಎರಡು. ಸಣ್ಣ ಕ್ಲಬ್‌ಗಳು ಲಾಭನಷ್ಟದ ಪುಟ ಹಾಕದೆ ಬರೀ ಬ್ಯಾಲೆನ್ಸ್ ಶೀಟ್ ಹಾಕುತ್ತವೆ, ಸಂಬಳಕ್ಕೆ ಎಷ್ಟು ಹೋಯಿತು ಅಂತ ಗೊತ್ತೇ ಆಗಲ್ಲ. ಇನ್ನೊಂದು, ಷೇರು ಯಾವ ಕಂಪನಿಯದು ಅಂತ ನೋಡಿ. ಮೈದಾನ ಒಂದು ಕಂಪನಿಯಲ್ಲಿ, ಆಟದ ತಂಡ ಇನ್ನೊಂದರಲ್ಲಿ, ಎರಡರ ಮೇಲೆ ಮಾಲೀಕನ ಮೂರನೇ ಕಂಪನಿ. ಮ್ಯಾನೇಜರ್‌ಗೆ ಸಿಕ್ಕಿದ್ದು ತಂಡದ ಕಂಪನಿಯ ಷೇರಾದರೆ, ಅವರಿಗೆ ಸಿಕ್ಕಿರೋದು ಸಂಬಳ ಕೊಡುವ ಜವಾಬ್ದಾರಿ ಇರುವ ಭಾಗ. ಆಸ್ತಿ ಬೇರೆ ಕಡೆ ಇದೆ. ನೋಡ್ಸ್ ಮೈದಾನ ಇಟ್ಟುಕೊಂಡಿದ್ದು ಸುಮ್ನೆ ಅಲ್ಲ.

ರೆಗ್ಯುಲೇಟರ್ ಬಗ್ಗೆ: ಫುಟ್‌ಬಾಲ್ ಗವರ್ನೆನ್ಸ್ ಕಾಯ್ದೆಗೆ 2025ರ ಜುಲೈನಲ್ಲಿ ಒಪ್ಪಿಗೆ ಸಿಕ್ಕಿತು. ಮೇಲಿನ ಐದು ಹಂತದ ಕ್ಲಬ್‌ಗಳಿಗೆ ಲೈಸೆನ್ಸ್ ಬರುತ್ತೆ, ನ್ಯಾಷನಲ್ ಲೀಗ್ ಕೂಡ ಅದರಲ್ಲಿ ಸೇರಿದೆ. ಮಾಲೀಕರ ದುಡ್ಡು ಎಲ್ಲಿಂದ ಬಂತು ಅಂತ ಕೇಳುವ ಅಧಿಕಾರ ಇದೆ. ಶೇ. 5ರ ಮ್ಯಾನೇಜರ್ ಮೇಲೆ ಅವರ ಕಣ್ಣು ಬೀಳುವುದು ಅನುಮಾನ. ಬೀಳಬೇಕಾದ್ದು ಆ ಷೇರು ಮಾರಿದವನ ಮೇಲೆ.

---

ಲಾಂಗ್ ಬಾಲ್:

ಕಂಪನೀಸ್ ಹೌಸ್‌ನಲ್ಲಿ ಈಗಷ್ಟೇ ನಮ್ಮ ಕ್ಲಬ್‌ದು ತೆಗೆದು ನೋಡಿದೆ. ಮ್ಯಾನೇಜರ್ ಹೆಸರು ಎಲ್ಲೂ ಇಲ್ಲ, ಆದರೆ ಕಳೆದ ವರ್ಷದ ಅಕೌಂಟ್ಸ್ ಹಾಕೋ ಗಡುವು ಮುಗಿದು ಎರಡು ತಿಂಗಳಾಗಿದೆ. ಅದಕ್ಕೆ ಬೇರೆ ಥ್ರೆಡ್ ಹಾಕುತ್ತೇನೆ, ಎಲ್ಲರೂ ಬನ್ನಿ.